ಬೆಂಕಿಪೆಟ್ಟಿಗೆಯಷ್ಟು ಪರದೆಯ ಕಾಲದಲ್ಲಿ

ಮೊಬೈಲ್ ರಿಪೇರಿ ಕಲಿಯುವ ಹುಡುಗ ಹುಡುಗಿಯರು ಈಗಲೂ ಆಗಾಗ ನನ್ನ ಮನೆಗೆ ಬರುವುದುಂಟು. ಬಂದವರು ಮೊದಲು ನನ್ನ ಹಳೆಯ ಸೋಲ್ಡರಿಂಗ್ ಐರನ್ ನೋಡಿ ನಗುತ್ತಾರೆ, ಆಮೇಲೆ ಚಹಾ ಕುಡಿಯುತ್ತಾರೆ, ಹೊರಡುವ ಹೊತ್ತಿಗೆ ಏನಾದರೊಂದು ಸಂಶಯ ಕೇಳುತ್ತಾರೆ. ಮೊನ್ನೆ ಬಂದವಳೊಬ್ಬಳು ನಾನು ಅತಿ ಹೆಚ್ಚು ರಿಪೇರಿ ಮಾಡಿದ್ದು ಯಾವುದನ್ನು ಎಂದು ಕೇಳಿದಳು. ಎಂಪಿ ಫೋರ್ ಎಂದೆ. ಅವಳಿಗೆ ಎಂಪಿ ಫೋರ್ ಎಂದರೆ ಫೈಲಿನ ಹೆಸರಿಗೆ ಅಂಟಿಕೊಂಡ ಬಾಲ ಮಾತ್ರ. ಅದು ಒಂದು ಯಂತ್ರದ ಹೆಸರಾಗಿತ್ತು, ಜನ ಅದನ್ನು ಅಂಗಿಯ ಕಿಸೆಯಲ್ಲಿಟ್ಟು ಮೆರೆಯುತ್ತಿದ್ದರು, ಅದು ಕೆಟ್ಟರೆ ಕೆಲವರಿಗೆ ಊಟ ಸೇರುತ್ತಿರಲಿಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ. ನಂಬದವರಿಗಾಗಿಯೇ ಇದನ್ನು ಬರೆಯಲು ಕೂತಿದ್ದೇನೆ.

ಬದಿಯಡ್ಕದ ಬಸ್ ನಿಲ್ದಾಣದ ಎದುರು, ಒಂದು ಬೇಕರಿಯ ಮಗ್ಗುಲಲ್ಲಿ ನಮ್ಮ ಅಂಗಡಿ ಇತ್ತು. ಮಾಲಕರು ಮೂಸಚ್ಚ. ಎದುರಿನ ಕೌಂಟರಿನಲ್ಲಿ ಅವರು ಮಾರುತ್ತಿದ್ದರು, ಹಿಂದಿನ ಮೇಜಿನಲ್ಲಿ ನಾನು ರಿಪೇರಿ ಮಾಡುತ್ತಿದ್ದೆ. ಇಷ್ಟೇ ನಮ್ಮ ಸಂಸಾರ. ಹಾಗಾಗಿ ಬಡ್ತಿಯ ಕತೆ ಹೇಳಲು ನನ್ನಲ್ಲಿಲ್ಲ. ಆ ಅಂಗಡಿಯಲ್ಲಿ ಮೇಲಕ್ಕೆ ಹೋಗಲು ಇದ್ದದ್ದು ಅಟ್ಟದ ಏಣಿ ಒಂದೇ, ಅದನ್ನು ಹಳೆಯ ರಟ್ಟಿನ ಪೆಟ್ಟಿಗೆ ತರಲು ದಿನಾ ಹತ್ತಿ ಇಳಿಯುತ್ತಿದ್ದೆ. ನನ್ನ ಹೆಸರು ಸಿಸಿಲಿಯಾ. ನಾವು ಮನೆಯಲ್ಲಿ ಕೊಂಕಣಿ ಮಾತಾಡುವವರು, ನಮ್ಮ ಹೆಂಗಸರನ್ನು ಊರವರು ಬಾಯಮ್ಮ ಎಂದು ಕರೆಯುವುದು ವಾಡಿಕೆ. ಐಟಿಐಯಲ್ಲಿ ರೇಡಿಯೋ ಟಿವಿ ಕೋರ್ಸು ಕಲಿತ ಮೇಲೂ ನನಗೆ ಉಳಿದ ಬಿರುದು ಅದೊಂದೇ. ಗಿರಾಕಿಗಳು ಬಂದವರೇ ಮೂಸಚ್ಚನನ್ನು ದಾಟಿ ಕತ್ತು ಉದ್ದ ಮಾಡಿ, ರಿಪೇರಿಯ ಜನ ಇಲ್ಲವಾ ಎಂದು ಕೇಳುತ್ತಿದ್ದರು. ನಾನು ಸ್ಕ್ರೂಡ್ರೈವರ್ ಹಿಡಿದು ಎದುರಿಗೇ ಕೂತಿರುತ್ತಿದ್ದೆ. ಮೊದಲಿಗೆ ಸಿಟ್ಟು ಬರುತ್ತಿತ್ತು. ಆಮೇಲೆ, ಈಗಷ್ಟೇ ಚಹಾಕ್ಕೆ ಹೋದರು, ನಾಳೆ ಬನ್ನಿ ಎಂದು ಹೇಳಿ ಕಳುಹಿಸುವ ಚಾಳಿ ಹಿಡಿಯಿತು. ಮೂಸಚ್ಚ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು.

ನಾನು ಸೇರಿದಾಗ ಕ್ಯಾಸೆಟ್ಟಿನ ಕಾಲ. ನಮ್ಮ ಕಡೆ ಮನೆಗೊಬ್ಬರಂತೆ ಗಲ್ಫಿಗೆ ಹೋದವರಿದ್ದರು. ಫೋನ್ ಮಾಡುವುದು ದುಬಾರಿ, ಪತ್ರ ಬರೆಯಲು ಬೇಸರ. ಹಾಗಾಗಿ ಅವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಇಲ್ಲಿಂದ ಹೆಂಡತಿ, ತಾಯಿ, ಅಕ್ಕ ತಂಗಿಯರೆಲ್ಲ ಸೇರಿ ಅದರ ಮೇಲೆಯೇ ಮಾತಾಡಿ ವಾಪಸು ಕಳುಹಿಸುತ್ತಿದ್ದರು. ಒಂದೇ ಕ್ಯಾಸೆಟ್ ಹೀಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಎಲ್ಲರ ದನಿಯೂ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಆಗ ಟೇಪ್ ರೆಕಾರ್ಡರಿನ ಹೆಡ್ ಒರೆಸುವುದು, ಬೆಲ್ಟು ಬದಲಿಸುವುದು ನನ್ನ ಮುಖ್ಯ ಕೆಲಸ. ಸರಿಯಾಯಿತೇ ಎಂದು ನೋಡಲು ಹಾಕಿ ಕೇಳಲೇಬೇಕಲ್ಲ, ಹಾಗೆ ಕೇಳುವಾಗ ಇನ್ನೊಬ್ಬರ ಮನೆಯ ಮಾತು ಕಿವಿಗೆ ಬೀಳುತ್ತಿತ್ತು. ಒಂದೆರಡು ಮಾತು ಕೇಳಿ ನಿಲ್ಲಿಸುವುದು, ಕೇಳಿದ್ದನ್ನು ಅಲ್ಲಿಯೇ ಮರೆಯುವುದು. ಇದನ್ನು ನನಗೆ ಕಲಿಸಿದವರು ಮೂಸಚ್ಚ. ಈಗಿನ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಮೊಬೈಲ್ ಬಿಚ್ಚಲು ಯಾರೂ ಕಲಿಯಬಹುದು, ಗ್ಯಾಲರಿ ಬಿಚ್ಚದೆ ಇರಲು ಕಲಿತವರು ಮಾತ್ರ ಈ ಕೆಲಸಕ್ಕೆ ಬರಬೇಕು.

ವೀಡಿಯೋ ಕಾಣುವ ಕಿಸೆಯ ಯಂತ್ರವನ್ನು ನಾನು ಮೊದಲು ನೋಡಿದ್ದು ಅಗಲ್ಪಾಡಿಯ ಒಬ್ಬರು ದುಬೈಯಿಂದ ತಂದಾಗ. ಕಿಸೆಯ ಯಂತ್ರ ಎನ್ನುವುದು ಹೆಸರಿಗೆ ಮಾತ್ರ, ಕಿಸೆಯಲ್ಲಿಟ್ಟರೆ ಅಂಗಿ ಒಂದು ಬದಿಗೆ ಜೋತು ಬೀಳುತ್ತಿತ್ತು. ಒಳಗೆ ಕಂಪ್ಯೂಟರಿನಲ್ಲಿರುವಂಥ ಹಾರ್ಡ್ ಡಿಸ್ಕಿನ ಮರಿ. ಕಿವಿಗೆ ಹಿಡಿದರೆ ಗಿರ್ ಎಂದು ಸುತ್ತುವುದು ಕೇಳುತ್ತಿತ್ತು. ಅವರು ಅದನ್ನು ಬೈಕಿನ ಟ್ಯಾಂಕಿನ ಮೇಲಿಟ್ಟು ನಮ್ಮ ರಸ್ತೆಗಳಲ್ಲಿ ಸಿನಿಮಾ ನೋಡುತ್ತಾ ಹೋಗಿದ್ದರಂತೆ. ನನ್ನ ಮೇಜಿಗೆ ಬಂದಾಗ ಗಿರ್ ಹೋಗಿ ಟಿಕ್ ಟಿಕ್ ಆಗಿತ್ತು. ಅದಕ್ಕೆ ಮದ್ದಿರಲಿಲ್ಲ. ಗಲ್ಫಿನಲ್ಲಿ ಸರಿಯಾಗಿದ್ದದ್ದು ಊರಿಗೆ ಬಂದು ಕೆಟ್ಟಿತು ಎಂದರೆ ಊರಿನದ್ದೇ ತಪ್ಪು ಎಂದು ಅವರು ನಮ್ಮ ರಸ್ತೆಗೂ ನನಗೂ ಸೇರಿಸಿ ಬೈದು ಹೋದರು.

ಅದರ ಹಿಂದೆಯೇ ಚೈನಾದ ಸಣ್ಣ ಎಂಪಿ ಫೋರ್‌ಗಳ ಮಳೆ ಸುರಿಯಿತು. ಸುತ್ತುವ ಡಿಸ್ಕಿಲ್ಲ, ಒಂದು ಚಿಪ್ಪಿನಲ್ಲಿ ಎಲ್ಲವೂ ಅಡಗಿತ್ತು. ಪರದೆ ಬೆಂಕಿಪೆಟ್ಟಿಗೆಯಷ್ಟು. ಅದರಲ್ಲಿ ಯಕ್ಷಗಾನ ನೋಡುವವರು, ಮದುವೆಯ ವೀಡಿಯೋ ನೋಡುವವರು, ಬಸ್ಸಿನಲ್ಲಿ ಮೂರು ಜನ ತಲೆಗೆ ತಲೆ ತಾಗಿಸಿ ಸಿನಿಮಾ ನೋಡುವವರು. ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಅತ್ತರಿನ ಬಾಟಲಿಯ ಪಕ್ಕದಲ್ಲೇ ಇದನ್ನೂ ತುರುಕುತ್ತಿದ್ದರು. ಅತ್ತರು ಸೋರಿ ಪರದೆಯ ಒಳಗೆ ಇಳಿದರೆ ಚಿತ್ರದ ಮೇಲೆ ನೀಲಿ ಮೋಡ. ಅಂಥ ಸೆಟ್ಟು ಬಿಚ್ಚಿದ ದಿನ ನನ್ನ ಮೇಜು ಮದುವೆ ಮನೆಯ ಹಾಗೆ ಘಮಘಮಿಸುತ್ತಿತ್ತು. ಸತ್ತೇಹೋಯಿತು ಎಂದು ಅಳುಮುಖ ಮಾಡಿ ತಂದ ಸೆಟ್ಟುಗಳಲ್ಲಿ ಅರ್ಧಕ್ಕರ್ಧ ಸತ್ತಿರುತ್ತಿರಲಿಲ್ಲ. ಬದಿಯಲ್ಲಿ ಹೋಲ್ಡ್ ಎಂಬ ಸಣ್ಣ ಗುಂಡಿ ಇರುತ್ತಿತ್ತು, ಕಿಸೆಯಲ್ಲಿ ಗುಂಡಿಗಳು ಒತ್ತಿಕೊಳ್ಳದಂತೆ ಬೀಗ ಹಾಕುವುದಕ್ಕೆ. ಅದು ಸರಿದಿದ್ದರೆ ಏನು ಒತ್ತಿದರೂ ಅಲ್ಲಾಡುವುದಿಲ್ಲ. ಎದುರಿಗೇ ಸರಿಸಿ ಕೊಟ್ಟರೆ ಗಿರಾಕಿಗೆ ಅವಮಾನ. ಅದಕ್ಕೆ ಒಳಗೆ ತೆಗೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಏನೋ ಮಾಡಿದಂತೆ ಕೂತು, ತಂದು ಕೊಡುತ್ತಿದ್ದೆ.

ಮೋಸವೂ ಬೇಕಾದಷ್ಟಿತ್ತು. ಹೊರಗೆ ದೊಡ್ಡ ಜಿಬಿಯ ಹೆಸರು, ಒಳಗೆ ಅದರ ಕಾಲು ಭಾಗದ ಚಿಪ್ಪು. ಕಂಪ್ಯೂಟರಿಗೆ ಸಿಕ್ಕಿಸಿದರೂ ದೊಡ್ಡ ಲೆಕ್ಕವನ್ನೇ ಹೇಳುವಂತೆ ಅದಕ್ಕೆ ಸುಳ್ಳು ಕಲಿಸಿರುತ್ತಿದ್ದರು. ತುಂಬಿಸುತ್ತಾ ಹೋದರೆ ಒಂದು ಹಂತದ ಮೇಲೆ ಹಾಕಿದ್ದೆಲ್ಲ ಹಳೆಯದರ ಮೇಲೆ ಕೂತು ಎರಡೂ ಹಾಳು. ಮೂಸಚ್ಚ ಅಂಥ ಮಾಲನ್ನು ಒಮ್ಮೆ ಮೋಸ ಹೋಗಿ ತಂದರು, ಮತ್ತೆಂದೂ ತರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿದ್ದ ಮನುಷ್ಯ. ಆದರೆ ಅವರು ಮಾರಿದ ಸೆಟ್ಟನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಿತ್ತು.

ಇನ್ನು ನಮ್ಮ ನಿಜವಾದ ಕಸುಬು ಹೇಳಬೇಕು. ಈ ಸೆಟ್ಟುಗಳು ಸಿಕ್ಕಿದ ವೀಡಿಯೋವನ್ನೆಲ್ಲ ತೋರಿಸುತ್ತಿರಲಿಲ್ಲ. ಮದುವೆಯ ಸಿಡಿ ತಂದರೆ ಅದನ್ನು ಕಂಪ್ಯೂಟರಿಗೆ ಹಾಕಿ, ಸೆಟ್ಟಿಗೆ ಬೇಕಾದ ರೂಪಕ್ಕೆ ಇಳಿಸಿ, ಚಿತ್ರವನ್ನು ಸಣ್ಣ ಮಾಡಿ ತುಂಬಿಸಿ ಕೊಡಬೇಕು. ಬದಿಯಡ್ಕದಲ್ಲಿ ಅದನ್ನು ಚೆನ್ನಾಗಿ ಮಾಡುವವಳು ಎಂದು ನನಗೆ ಸ್ವಲ್ಪ ಹೆಸರಿತ್ತು. ನನ್ನದೇ ಒಂದು ಕ್ರಮವನ್ನು ರೂಢಿಸಿಕೊಂಡಿದ್ದೆ. ಅಷ್ಟು ಸಣ್ಣ ಪರದೆಯಲ್ಲಿ ಇಡೀ ಚಪ್ಪರ ತೋರಿಸಿದರೆ ಮನುಷ್ಯರು ಅಕ್ಕಿಕಾಳುಗಳಂತೆ ಕಾಣುತ್ತಾರೆ. ಹಾಗಾಗಿ ಸುತ್ತಲಿನದ್ದೆಲ್ಲ ಕತ್ತರಿಸಿ ಮುಖ ಮಾತ್ರ ದೊಡ್ಡದಾಗಿ ಉಳಿಸುವುದು. ಜಾಗ ಉಳಿಸಲು, ವೀಡಿಯೋದಲ್ಲಿ ಒಂದರ ಹಿಂದೊಂದು ಓಡುವ ಚಿತ್ರಗಳಲ್ಲಿ ಕೆಲವನ್ನು ನಡುನಡುವೆ ಬಿಟ್ಟು ತೆಳುವಾಗಿಸುವುದು. ಆ ಉಳಿದ ಜಾಗವನ್ನೆಲ್ಲ ಸದ್ದಿಗೆ ಕೊಡುವುದು. ನಮ್ಮವರಿಗೆ ಮುಖ ಕಾಣಬೇಕು, ಮಾತು ಕೇಳಬೇಕು, ಅಷ್ಟೇ. ಆ ಕ್ರಮವನ್ನು ಒಬ್ಬ ಗಿರಾಕಿಯೂ ದೂರಿರಲಿಲ್ಲ.

ದೂರು ಬಂದದ್ದು ವಿಮಲ ಬಂದ ಮೇಲೆ. ನೆಕ್ರಾಜೆಯಿಂದ ತನ್ನ ಅತ್ತೆ ಲೀಲಕ್ಕನ ಜೊತೆ ಬಂದಿದ್ದಳು, ಸೊಂಟದ ಮೇಲೆ ಚಿನ್ನು ಎಂಬ ಎಳೆ ಮಗು. ವಿಮಲಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳ ಗಂಡ ಗಿರೀಶನಿಗೂ ಹಾಗೆಯೇ, ಸಣ್ಣದರಲ್ಲಿ ಜ್ವರ ಬಂದು ಹೋದದ್ದಂತೆ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು, ಅಲ್ಲಿಯೇ ಪರಿಚಯ. ಗಿರೀಶ ಶಾರ್ಜಾದಲ್ಲಿ ಅಲ್ಯುಮಿನಿಯಂ ಕಿಟಕಿ ಬಾಗಿಲು ಮಾಡುವ ಕಡೆ ದುಡಿಯುತ್ತಿದ್ದ. ಮಗು ಹುಟ್ಟುವ ಮೊದಲೇ ಹೋದವನು, ಮಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದ. ಮಗುವಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು.

ಯೋಚಿಸಿ ನೋಡಿ. ಊರಿಡೀ ಕ್ಯಾಸೆಟ್ಟಿನಲ್ಲಿ, ಫೋನಿನಲ್ಲಿ ಮಾತಾಡಿಕೊಂಡ ಅಷ್ಟೂ ವರ್ಷ ಇಂಥವರಿಗೆ ಏನೂ ಇರಲಿಲ್ಲ. ಬರೆಯಲು ಇಬ್ಬರಿಗೂ ಬರುತ್ತಿತ್ತು, ಆದರೆ ಬರಹ ಅವರಿಗೆ ಪಾಠದ ಭಾಷೆ. ಜಗಳವಾಡುವ, ನಗುವ, ಮುದ್ದು ಮಾಡುವ ಭಾಷೆ ಕೈಯಲ್ಲಿತ್ತು. ಆ ಭಾಷೆ ಕಾಗದದ ಮೇಲೆ ಹೋಗುವುದಿಲ್ಲ. ಗಿರೀಶ ಯಾರದ್ದೋ ಕ್ಯಾಮರಾದಲ್ಲಿ ತನ್ನ ಕೈಮಾತನ್ನು ತೆಗೆಸಿ ಸಿಡಿ ಮಾಡಿ, ಜೊತೆಗೆ ಒಂದು ಎಂಪಿ ಫೋರ್ ಕೂಡ ಕಳುಹಿಸಿದ್ದ. ಮನೆಯಲ್ಲಿ ಟಿವಿ ಇಲ್ಲ. ಅದನ್ನು ಇದರಲ್ಲಿ ತುಂಬಿಸಿ ಕೊಡಿ ಎಂದು ಲೀಲಕ್ಕ ಹೇಳಿದರು. ನನಗೆ ಬಹಳ ಸಂತೋಷವಾಯಿತು. ಇದನ್ನು ಎಲ್ಲಕ್ಕಿಂತ ಚೆನ್ನಾಗಿ ಮಾಡಿಕೊಡಬೇಕು ಎಂದು, ನನ್ನ ಕ್ರಮದಲ್ಲಿ ಒಂದು ಕೂದಲೂ ತಪ್ಪದಂತೆ ಮಾಡಿದೆ. ಮುಖವನ್ನು ಪರದೆ ತುಂಬ ನಿಲ್ಲಿಸಿದೆ. ಸದ್ದನ್ನು ಗಂಟೆಯ ಹಾಗೆ ಮಾಡಿದೆ. ಅದರಲ್ಲಿ ಇದ್ದದ್ದು ಫ್ಯಾನಿನ ಸದ್ದು ಮಾತ್ರ ಎಂಬುದೂ ನನ್ನ ತಲೆಗೆ ಹೋಗಲಿಲ್ಲ.

ವಿಮಲ ನೋಡಿದಳು. ನೋಡುತ್ತಾ ಅವಳ ಮುಖ ಬಾಡಿತು. ಸೆಟ್ಟನ್ನು ಕೌಂಟರಿನ ಮೇಲಿಟ್ಟು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಬಿಗಿದು ನನ್ನೆದುರು ನಿಂತಳು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ನನ್ನ ಹಣೆಯನ್ನು ನಾನೇ ಚಚ್ಚಿಕೊಂಡೆ. ಮಾತಾಡುವ ಕೈಯನ್ನೇ ಕತ್ತರಿಸಿ ಎಸೆದಿದ್ದೆ. ಹಾಗೆ ಚಚ್ಚಿಕೊಂಡದ್ದನ್ನು ನೋಡಿ ಅವಳಿಗೆ ನಗು ಬಂತು. ನಮ್ಮಿಬ್ಬರ ಸ್ನೇಹ ಅಲ್ಲಿಂದ ಶುರುವಾಯಿತು.

ಪುನಃ ಮಾಡಿದೆ. ಈ ಸಲ ಸೊಂಟದಿಂದ ಮೇಲಿನ ಇಡೀ ಗಿರೀಶ. ಆದರೆ ಕೈ ಬೀಸಿದಾಗಲೆಲ್ಲ ಚಿತ್ರ ಕಲಸಿಹೋಗುತ್ತಿತ್ತು, ನಡುನಡುವೆ ಚಿತ್ರ ಬಿಟ್ಟರೆ ಅರ್ಧ ಮಾತು ನುಂಗಿದಂತೆಯೇ. ಸದ್ದನ್ನು ಪೂರ್ತಿ ತೆಗೆದು ಹಾಕಿ, ಆ ಜಾಗವನ್ನೆಲ್ಲ ಕೈಗೆ ಕೊಟ್ಟೆ. ಸೆಟ್ಟು ತಡೆಯುವಷ್ಟು ಚಿತ್ರಗಳನ್ನು ಒಂದೂ ಬಿಡದೆ ತುಂಬಿಸಿದೆ. ಆಗ ವಿಮಲ ತಲೆಯಾಡಿಸಿದಳು, ಬೆರಳುಗಳು ಮಾತ್ರ ಇನ್ನೂ ಸ್ಪಷ್ಟವಿಲ್ಲ ಎಂದು ತೋರಿಸಿದಳು. ನೂರು ಮದುವೆ ಕತ್ತರಿಸಿದ ಮೇಲೆ ನನಗೆ ಕೆಲಸ ಬರುತ್ತದೆ ಎಂದುಕೊಂಡಿದ್ದೆ. ಗಿರಾಕಿಗೆ ಏನು ಕಾಣಬೇಕು ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಆ ದಿನದಿಂದ.

ಮೂಸಚ್ಚ ಇದನ್ನೆಲ್ಲ ಕೌಂಟರಿನಿಂದ ನೋಡುತ್ತಿದ್ದರು. ಒಂದೇ ಗಿರಾಕಿಯ ಮೇಲೆ ಅಷ್ಟು ಹೊತ್ತು ಕಳೆದರೆ ಗೊಣಗುವ ಜನ. ಅಂದು ಗೊಣಗಲಿಲ್ಲ. ಗಾಜಿನ ಕಪಾಟಿನಲ್ಲಿ ತೋರಿಸಲಿಕ್ಕೆಂದೇ ಇಟ್ಟಿದ್ದ ದೊಡ್ಡ ಪರದೆಯ ಸೆಟ್ಟನ್ನು ತೆಗೆದು ತಂದು ನನ್ನ ಮೇಜಿನ ಮೇಲಿಟ್ಟರು. ಅಂಗೈಯಷ್ಟು ಅಗಲದ ಪರದೆ, ಮೆಮೊರಿ ಕಾರ್ಡ್ ಹಾಕುವ ಸಂದು ಬೇರೆ ಇತ್ತು. ಅವರದ್ದನ್ನು ಇಟ್ಟುಕೊಂಡು ಇದನ್ನು ಕೊಡು ಎಂದರು. ಅತ್ತೆ ಸೊಸೆ ಹೋದ ಮೇಲೆ, ಇದೆಂತ ಮೂಸಚ್ಚ, ಕಪಾಟು ಖಾಲಿಯಾಯಿತಲ್ಲ ಎಂದು ಕೆಣಕಿದೆ. ಅವರು ನಗಲಿಲ್ಲ.

"ನಾನು ಕುವೈತಿನಿಂದ ಬಂದ ದಿನ ನನ್ನ ಮಗ ಅವನ ತಾಯಿಯ ಹಿಂದೆ ಅಡಗಿ ಕೂತ, ಬಾಯಮ್ಮ. 'ಈ ಮಾಮ ಯಾವಾಗ ಹೋಗುವುದು' ಅಂತ ಕೇಳಿದ. ಅವನಿಗೆ ನನ್ನ ಸ್ವರ ಗೊತ್ತಿತ್ತು, ಕ್ಯಾಸೆಟ್ ಕೇಳಿ. ಈ ಮುಖದ್ದೇ ಆ ಸ್ವರ ಅಂತ ಗೊತ್ತಿರ್ಲಿಲ್ಲ."

ಅಷ್ಟು ಹೇಳಿ ಅವರು ಕೌಂಟರಿಗೆ ಹೋಗಿ ಕೂತರು. ಅವರ ಬಾಯಿಂದ ಮನೆಯ ಮಾತು ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಲ್ಲಿಂದ ಕಾರ್ಡುಗಳ ಓಡಾಟ ಶುರುವಾಯಿತು. ವಿಮಲ ಅಂಗಡಿಗೆ ಬಂದು, ಹಿಂದಿನ ಬಿಳಿ ಗೋಡೆಯೆದುರು ನಿಂತು ಕೈಮಾತಿನಲ್ಲಿ ಹೇಳುವುದನ್ನೆಲ್ಲ ಹೇಳುತ್ತಿದ್ದಳು. ನಾನು ಅಂಗಡಿಯ ಡಿಜಿಟಲ್ ಕ್ಯಾಮರಾದಲ್ಲಿ ತೆಗೆದು, ಕಾರ್ಡಿಗೆ ಹಾಕಿ ಕೊಡುತ್ತಿದ್ದೆ. ಉಗುರಿನಷ್ಟು ಕಾರ್ಡು. ಗಲ್ಫಿಗೆ ಹೋಗುವವರ ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟಿನೊಳಗೆ ಇಟ್ಟು ಕಳುಹಿಸುವುದು. ಒಮ್ಮೆ ಒಯ್ದವರು ಅದನ್ನು ಹೇಳಲು ಮರೆತರು, ಅಲ್ಲಿಯವರು ಹಪ್ಪಳ ಕರಿಯುವಾಗ ಕಾರ್ಡೂ ಎಣ್ಣೆಗೆ ಬಿತ್ತು. ಗಿರೀಶನ ಉತ್ತರದಲ್ಲಿ ಕರಿದ ಕಾರ್ಡನ್ನು ಎತ್ತಿ ತೋರಿಸಿ ಅವನು ನಕ್ಕದ್ದು ನನಗೂ ಅರ್ಥವಾಗಿತ್ತು. ಅವನು ಕಿಟಕಿಗೆ ಬೆನ್ನು ಮಾಡಿ ಕೂತರೆ ಕೈ ಕಪ್ಪಾಗಿ ಕಾಣುತ್ತದೆ, ಗೆರೆಗೆರೆಯ ಅಂಗಿ ಹಾಕಿದರೆ ಬೆರಳು ಕಾಣುವುದಿಲ್ಲ ಎಂದು ನಾನು ಚೀಟಿ ಬರೆದು ಕಳುಹಿಸಿದ್ದೆ. ಮುಂದಿನ ಸಲದಿಂದ ಬರೀ ತಿಳಿನೀಲಿ ಅಂಗಿ. ನೋಡಿದ ಕಾರ್ಡನ್ನು ಅಳಿಸಿ ವಾಪಸು ಕಳುಹಿಸುವುದು, ಉಳಿಸಬೇಕಾದ್ದನ್ನು ಸೆಟ್ಟಿನ ಒಳಗಿನ ಮೆಮೊರಿಗೆ ಹಾಕುವುದು, ಹೀಗೆ ಕ್ರಮವಾಯಿತು. ಆ ಕ್ಯಾಸೆಟ್ಟಿನ ಪದ್ಧತಿಯೇ.

ಆದರೆ ಲೀಲಕ್ಕನಿಗೆ ಇದು ಸರಿಕಾಣುತ್ತಿರಲಿಲ್ಲ. ಮಗ ಸೊಸೆ ಮಾತಾಡಿಕೊಳ್ಳಲಿ, ಅದಕ್ಕೆ ಅವರ ಅಡ್ಡಿಯಿಲ್ಲ. ಗಿರೀಶ ಈಗ ಮಗಳಿಗೂ ಕೈಮಾತು ಕಲಿಸಲು ತೊಡಗಿದ್ದ. ಅನ್ನ, ಹಾಲು, ಬೆಕ್ಕು, ಚಂದಿರ, ಬಾ, ಮಲಗು. ಒಂದೊಂದನ್ನೂ ನಿಧಾನವಾಗಿ, ಮುಖದಲ್ಲಿ ನೂರು ಬಗೆಯ ಬಣ್ಣ ತಂದು ತೋರಿಸುತ್ತಿದ್ದ. ಚಿನ್ನು ಸೆಟ್ಟು ಹಿಡಿದು ಅವನ ಜೊತೆ ಕೈಯಾಡಿಸುತ್ತಿದ್ದಳು. ಅದನ್ನು ಕಂಡರೆ ಲೀಲಕ್ಕ ಅವಳ ಕೈಗಳನ್ನು ಹಿಡಿದು ಕೆಳಗಿಳಿಸುತ್ತಿದ್ದರು. ಗಿರೀಶ ಸಣ್ಣವನಿದ್ದಾಗ ಯಾರೋ ಓದಿದವರು, ಮಗನನ್ನು ಕೈಯಾಡಿಸಲು ಬಿಡಬೇಡಿ, ಬಿಟ್ಟರೆ ಬಾಯಿ ಬರುವುದಿಲ್ಲ ಎಂದು ಅವರಿಗೆ ಹೇಳಿದ್ದರಂತೆ. ಅವರು ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದರು. ಬಾಯಿ ಬರಲಿಲ್ಲ, ಮಗನ ಜೊತೆ ಕೈಮಾತೂ ಅವರಿಗೆ ಬರಲಿಲ್ಲ. ತಾಯಿ ಮಗನ ನಡುವೆ ಇದ್ದದ್ದು ಊಟ, ಸ್ನಾನ, ದುಡ್ಡು ಎಂಬ ನಾಲ್ಕೈದು ಸನ್ನೆ. ಈಗ ಮೊಮ್ಮಗಳಾದರೂ ಬಾಯಿ ತುಂಬ ಮಾತಾಡಲಿ ಎಂಬ ಆಸೆಯಲ್ಲಿ ಅದೇ ಹೆದರಿಕೆ ಮರಳಿ ಬಂದಿತ್ತು.

ವಿಮಲ ಒಂದು ದಿನ ಒಬ್ಬಳೇ ಬಂದಳು. ನನ್ನ ಚೀಟಿಯ ಹಾಳೆಯಲ್ಲಿ ಬರೆದಳು. ಮಗು ಅಜ್ಜಿಯ ಹತ್ತಿರ ಬಾಯಲ್ಲಿ ಮಾತಾಡುತ್ತದೆ, ನನ್ನ ಹತ್ತಿರ ಕೈ ಎತ್ತಲು ಹೆದರುತ್ತದೆ. ಚಿನ್ನುವಿನ ಅಪ್ಪ ಬರುವಾಗ ಮಗು ಅವರ ಹತ್ತಿರ ಏನು ಮಾತಾಡುತ್ತದೆ? ಅಷ್ಟೇ ಬರೆದಿದ್ದಳು. ಒಂದೇ ಮನೆಯಲ್ಲಿದ್ದು ಮಗಳು ತನಗೆ ದಕ್ಕದೆ ಹೋದರೆ ಎಂಬ ಭಯ ಅದು. ಅತ್ತೆಗೆ ಬುದ್ಧಿ ಹೇಳಲು ನಾನು ಯಾರು. ಸೆಟ್ಟಿಗೆ ಹೊಸ ಬ್ಯಾಟರಿ ಹಾಕಿ ಕೊಟ್ಟೆ, ಬೇರೇನೂ ತೋಚಲಿಲ್ಲ.

ಮಳೆ ಹಿಡಿದ ಒಂದು ಬೆಳಿಗ್ಗೆ ಲೀಲಕ್ಕ ಒಬ್ಬರೇ ಬಂದರು. ಸೀರೆಯ ಅಂಚೆಲ್ಲ ಕೆಸರು. ಸೆರಗಿನ ಗಂಟು ಬಿಚ್ಚಿದರೆ ಅದೇ ಸೆಟ್ಟು, ಹುಳಿ ಹುಳಿ ವಾಸನೆ. ಚಿನ್ನು ಅಪ್ಪನಿಗೆ ದನ ತೋರಿಸುತ್ತೇನೆಂದು ಹಟ್ಟಿಗೆ ಹೋಗಿ, ದನಕ್ಕಿಡುವ ಕಲಗಚ್ಚಿನ ಬಾಲ್ದಿಗೆ ಬೀಳಿಸಿದ್ದಳಂತೆ. ಇಡೀ ದಿನ ಅದರೊಳಗೇ ಮುಳುಗಿತ್ತು. ಗಿರೀಶ ಮಗಳಿಗೆ ಕಲಿಸಿದ್ದೆಲ್ಲ ಇದ್ದದ್ದು ಆ ಸೆಟ್ಟಿನೊಳಗೆ ಮಾತ್ರ, ಕಾರ್ಡುಗಳನ್ನು ಅಳಿಸಿ ವಾಪಸು ಕಳುಹಿಸಿಯಾಗಿತ್ತು. ನಾನು ಸೆಟ್ಟನ್ನು ತಿರುಗಿಸಿ ನೋಡಿ, ಖಂಡಿತ ಆಗುತ್ತದೆ ಎಂದು ಹೇಳುವುದಿಲ್ಲ ಎಂದೆ. ಅವರು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹೇಗಾದ್ರೂ ಮಾಡಿ ಬಾಯಮ್ಮ. ನನ್ನ ಮಗ ಅದರೊಳಗೆ ಉಂಟು."

ಅವರು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಸೆಟ್ಟನ್ನು ತೆಗೆದು ತಾವೂ ನೋಡುತ್ತಿದ್ದರು ಎಂಬುದು ಆಗ ಹೊರಬಂತು. ಮಗ ಇಷ್ಟು ನಗುತ್ತಾನೆ ಎಂದು ಅವರಿಗೆ ಗೊತ್ತಿರಲಿಲ್ಲವಂತೆ. ಹೆತ್ತ ತಾಯಿ ಅದನ್ನು ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ, ಸ್ಕ್ರೂ ಬಿಚ್ಚುತ್ತಾ ಕೂತೆ.

ಆ ರಿಪೇರಿಯನ್ನು ಮಕ್ಕಳಿಗೆ ವಿವರವಾಗಿ ಹೇಳುತ್ತೇನೆ, ಈಗಿನ ಮೊಬೈಲಿಗೂ ಅದೇ ದಾರಿ. ನೀರಿಗೆ ಬಿದ್ದದ್ದನ್ನು ಮೊದಲು ಆನ್ ಮಾಡಿ ನೋಡುವುದೇ ದೊಡ್ಡ ದಡ್ಡತನ. ಬ್ಯಾಟರಿ ಊದಿಕೊಂಡಿತ್ತು, ಅದನ್ನು ಕತ್ತರಿಸಿ ಹೊರಗಿಟ್ಟೆ. ಬೋರ್ಡಿನ ಮೇಲೆ ಗಂಜಿಯ ತೆಳಿ ಒಣಗಿ ಪದರ ಕಟ್ಟಿತ್ತು, ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲ ಮೆಲ್ಲ ಉಜ್ಜಿದೆ. ಒಂದು ಬಿಸಿ ಬಲ್ಬಿನ ಕೆಳಗೆ ಒಣಗಲು ಇಟ್ಟೆ. ಪರದೆ ಸತ್ತಿತ್ತು, ಅದು ಹೋಗಲಿ. ಕೇಬಲ್ ಸಿಕ್ಕಿಸುವ ಬಾಯಿ ತುಕ್ಕು ಹಿಡಿದಿತ್ತು, ಅದನ್ನು ಕಿತ್ತು ಇನ್ನೊಂದು ಸೆಟ್ಟಿನದ್ದನ್ನು ಕೂರಿಸಿದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಉಸಿರಿಲ್ಲ. ಪುನಃ ಉಜ್ಜು, ಪುನಃ ಒಣಗಿಸು. ಲೀಲಕ್ಕ ಬೆಂಚಿನಿಂದ ಕದಲಲಿಲ್ಲ. ಮೂಸಚ್ಚ ಬೇಕರಿಯಿಂದ ಚಹಾ ತರಿಸಿ ಕೊಟ್ಟರು, ಅದು ಹಾಗೆಯೇ ತಣಿಯಿತು. ಬಸ್ಸುಗಳು ಒಂದರ ಹಿಂದೆ ಒಂದು ಹೋದವು. ಕೊನೆಗೆ ಒಂದು ಸಲ ಸಿಕ್ಕಿಸಿದಾಗ ಕಂಪ್ಯೂಟರ್ ಟಿಣ್ ಎಂದಿತು. ಫೈಲುಗಳ ಸಾಲು ಒಂದೊಂದಾಗಿ ಪರದೆಯ ಮೇಲೆ ಬಿಚ್ಚಿಕೊಂಡಿತು. ನಾನು ಶಿಲುಬೆಯ ಗುರುತು ಮಾಡಿದೆ, ಮೂಸಚ್ಚ ಅಲ್‌ಹಮ್ದುಲಿಲ್ಲಾ ಎಂದರು, ಲೀಲಕ್ಕ ಎರಡೂ ಕೈ ಎತ್ತಿ ಮುಗಿದರು. ಯಾರ ಪ್ರಾರ್ಥನೆ ಯಾರಿಗೆ ತಲುಪಿತೋ ನನಗೆ ತಿಳಿಯದು.

ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಒಂದನ್ನು ಹಾಕಿ ತೋರಿಸಿದೆ. ದೊಡ್ಡ ಪರದೆಯ ಮೇಲೆ ತಿಳಿನೀಲಿ ಅಂಗಿಯ ಗಿರೀಶ ಚಂದಿರನನ್ನು ತೋರಿಸುತ್ತಿದ್ದ. ಇವನು ಎಂತ ಹೇಳುವುದು ಲೀಲಕ್ಕ ಎಂದು ಕೇಳಿದೆ. ನನಗೆ ಹೇಗೆ ಗೊತ್ತಾಗಬೇಕು, ಚಿನ್ನುವನ್ನೇ ಕೇಳಬೇಕು ಎಂದು ಮುಖ ಗಂಟು ಹಾಕಿದರು. ಆದರೆ ಹಾಕಿದ್ದನ್ನು ನಿಲ್ಲಿಸಲು ಬಿಡಲಿಲ್ಲ. ಹೊಸ ಸೆಟ್ಟಿಗೆ ಎಲ್ಲವನ್ನೂ ತುಂಬಿಸಿ ಕೊಟ್ಟೆ. ಕಂಪ್ಯೂಟರಿನಲ್ಲೂ ಒಂದು ಪ್ರತಿ ಉಳಿಸಿದೆ. ನಂತರ ಯಾರ ಸೆಟ್ಟು ಬಂದರೂ, ಒಳಗಿದ್ದದ್ದರ ಇನ್ನೊಂದು ಪ್ರತಿ ಉಂಟಾ ಎಂದು ಕೇಳದೆ ಸ್ಕ್ರೂ ಮುಟ್ಟಲಿಲ್ಲ.

ಇದೆಲ್ಲ ನಡೆಯುವ ಹೊತ್ತಿಗೆ ಎಂಪಿ ಫೋರ್‌ನ ಆಯುಷ್ಯ ಮುಗಿಯುತ್ತಾ ಬಂದಿತ್ತು. ವೀಡಿಯೋ ಕಾಣುವ ಮೊಬೈಲುಗಳು ಬಂದವು. ಒಂದೇ ಕಿಸೆಗೆ ಎರಡು ಯಂತ್ರ ಯಾಕೆ ಎಂದು ಜನ ಕೇಳಿದರು, ಅದು ನ್ಯಾಯವೇ. ಮೂಸಚ್ಚ ಕಪಾಟಿನ ಸೆಟ್ಟುಗಳನ್ನು ತೆಗೆದು ಮೊಬೈಲ್ ಜೋಡಿಸಿದರು. ಕತ್ತರಿಸಿ ತುಂಬಿಸುವ ನನ್ನ ಕೆಲಸವೂ ಹೋಯಿತು, ಮೊಬೈಲು ಏನು ಕೊಟ್ಟರೂ ತೋರಿಸುತ್ತಿತ್ತು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕಲಿತದ್ದು ದಂಡವಾಗಲಿಲ್ಲ. ಈಗ ನೆಕ್ರಾಜೆಯಲ್ಲೂ ಪೈವಳಿಕೆಯಲ್ಲೂ ಕಿವಿ ಕೇಳದ ಮಕ್ಕಳು ಬಸ್ಸಿನಲ್ಲಿ ಕೂತು, ಮೊಬೈಲನ್ನು ಎದುರಿಗಿಟ್ಟು, ದೂರದ ಗೆಳೆಯರ ಜೊತೆ ಕೈಯಲ್ಲಿ ಹರಟೆ ಹೊಡೆಯುವುದನ್ನು ನೋಡಿದರೆ ನನ್ನ ಎದೆ ಉಬ್ಬುತ್ತದೆ. ಆ ದಾರಿಯ ಮೊದಲ ಮೆಟ್ಟಿಲುಗಳು ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದವು.

ಕಪಾಟಿನ ಕೊನೆಯ ಎಂಪಿ ಫೋರ್ ಇನ್ನೂ ಮಾರಾಟವಾಗದೆ ಕೂತಿದ್ದ ದಿನಗಳಲ್ಲೇ ಗಿರೀಶ ಊರಿಗೆ ಬಂದ. ಮಂಗಳೂರಿನ ವಿಮಾನ ನಿಲ್ದಾಣದಿಂದ ನಾಲ್ಕಾರು ಜನ ಸೇರಿ ಬಾಡಿಗೆಗೆ ಮಾಡಿದ ಜೀಪು ಅವನನ್ನು ಬದಿಯಡ್ಕದಲ್ಲಿ ಇಳಿಸಿ ಹೋಗುವುದೆಂದು ಏರ್ಪಾಟು. ಮನೆಯವರು ಬೆಳಿಗ್ಗೆಯೇ ಬಂದು ನಮ್ಮ ಅಂಗಡಿಯ ಬೆಂಚಿನಲ್ಲಿ ಕಾಯುತ್ತಿದ್ದರು. ವಿಮಲ ಹೊಸ ಸೀರೆ ಉಟ್ಟು, ಕೂರಲಾರದೆ ಬಾಗಿಲಿಗೂ ಬೆಂಚಿಗೂ ಓಡಾಡುತ್ತಿದ್ದಳು. ಮೂರು ವರ್ಷದ ಚಿನ್ನುವನ್ನು ಮೂಸಚ್ಚ ಕೌಂಟರಿನ ಮೇಲೆ ಕೂರಿಸಿದ್ದರು. ಅವಳ ಮಡಿಲಲ್ಲಿ ಸೆಟ್ಟು, ಅದರಲ್ಲಿ ಅಪ್ಪ.

ಜೀಪು ನಿಂತಿತು. ಗಿರೀಶ ಚೀಲಗಳನ್ನು ರಸ್ತೆಯಲ್ಲೇ ಬಿಟ್ಟು ಬಂದು ಬಾಗಿಲಲ್ಲಿ ನಿಂತ. ವಿಮಲಳನ್ನು ನೋಡಿದ, ತಾಯಿಯನ್ನು ನೋಡಿದ, ಆಮೇಲೆ ಮಗಳ ಕಡೆ ತಿರುಗಿ ಕೈ ಚಾಚಿ, ಬಾ ಎಂದ. ಚಿನ್ನು ಬರಲಿಲ್ಲ. ಮಡಿಲಲ್ಲಿದ್ದ ಸೆಟ್ಟನ್ನು ನೋಡಿದಳು, ಅವನನ್ನು ನೋಡಿದಳು, ಪುನಃ ಸೆಟ್ಟನ್ನು ನೋಡಿದಳು. ವಿಮಲಳ ಕೈ ಎದೆಯ ಮೇಲೆಯೇ ನಿಂತಿತ್ತು. ಮೂಸಚ್ಚ ಮುಖ ತಿರುಗಿಸಿ ಕಪಾಟಿನ ಗಾಜು ಒರೆಸಲು ತೊಡಗಿದರು. ಬಾಗಿಲಲ್ಲಿ ನಿಂತವನ ಮುಖದಲ್ಲಿದ್ದ ನಗು ಮೆಲ್ಲನೆ ಇಳಿಯತೊಡಗಿತು.

ಆಗ ಚಿನ್ನು ಸೆಟ್ಟನ್ನು ಪಕ್ಕಕ್ಕಿಟ್ಟಳು. ಎರಡೂ ಕೈ ಖಾಲಿ ಮಾಡಿಕೊಂಡಳು. ಅವನತ್ತ ಬೆರಳು ತೋರಿಸಿ, ಕೈಗಳನ್ನು ಅಗಲಿಸಿ ಎತ್ತರಕ್ಕೆ ಚಾಚಿ, ಹುಬ್ಬು ಮೇಲೇರಿಸಿ ಅವನ ಮುಖವನ್ನೇ ನೋಡಿದಳು. ಗಿರೀಶನ ಬಾಯಿಂದ ಒಂದು ಸ್ವರ ಹೊರಟಿತು, ನಗುವೋ ಅಳುವೋ ಹೇಳಲಾರೆ. ಎರಡು ಹೆಜ್ಜೆಗೆ ಬಂದು ಅವಳನ್ನು ಎತ್ತಿಕೊಂಡ. ವಿಮಲ ಅಳುತ್ತಾ ನಗುತ್ತಿದ್ದಳು.

ಮಗು ಎಂತ ಹೇಳಿದ್ದು ಎಂದು ಮೂಸಚ್ಚ ನನ್ನನ್ನು ಕೇಳಿದರು. ನನಗೂ ಪೂರ್ತಿ ತಿಳಿದಿರಲಿಲ್ಲ. ಉತ್ತರ ಕೊಟ್ಟವರು ಬೆಂಚಿನಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸುತ್ತಿದ್ದ ಲೀಲಕ್ಕ.

"ನೀನು ಇಷ್ಟು ದೊಡ್ಡವನಾ ಅಂತ ಕೇಳ್ತಾ ಇದ್ದಾಳೆ."